ಎರಡೇ ಫೋನು

ರೇಣುಕಾ, ಆ ವಿಡಿಯೊವನ್ನು ಹೊರಗೆ ಬಿಟ್ಟವಳು ನಿನ್ನ ಗೆಳತಿ ಸುಜಾತಾ ಅಲ್ಲ. ನಾನು — ನಿನ್ನ ವಿಜ್ಞಾನದ ಟೀಚರ್.

ಇಷ್ಟು ಬರೆಯಲು ನನಗೆ ಐದಾರು ವರ್ಷ ಬೇಕಾಯಿತು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಏನೂ ಆಗಲಿಲ್ಲ. ಸಾಕಾಗಿದೆ, ಅಷ್ಟೆ. ಸುಳ್ಳನ್ನು ದಿನಾ ಎಬ್ಬಿಸಿ, ಸೀರೆ ಉಡಿಸಿ, ಶಾಲೆಗೆ ಕರೆದುಕೊಂಡು ಹೋಗುವುದು ಸಣ್ಣ ದುಡಿಮೆಯಲ್ಲ.

ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಿದ್ದ ವರ್ಷ ಅದು. ನೀನು ಎಂಟನೆಯ ತರಗತಿ. ಎಲೆ ತನ್ನ ಆಹಾರವನ್ನು ಹೇಗೆ ತಯಾರಿಸಿಕೊಳ್ಳುತ್ತದೆ ಎಂದು ವಿವರಿಸಿ ವಿಡಿಯೊ ಕಳಿಸಿರಿ ಎಂದಿದ್ದೆ. ನಿಮ್ಮ ಮನೆಯಲ್ಲಿದ್ದದ್ದು ಬಟನ್ ಫೋನು. ಹಾಗಾಗಿ ಸುಜಾತಾ ತನ್ನ ಅಣ್ಣನ ಫೋನು ತಂದು ನಿನ್ನ ವಿಡಿಯೊ ಮಾಡಿದಳು. ಕೋಡ್ಲಾದಿಂದ ಸೇಡಂಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ಯಾರು ಬೈದರೂ ಎತ್ತದೆ, ನಿನಗಾಗಿ ಜಾಗ ಹಿಡಿಯುತ್ತಿದ್ದವಳು ಅವಳೇ ಅಲ್ಲವೆ!

ನನಗೆ ಎರಡು ವಿಡಿಯೊ ಬಂದವು. ಒಂದು ಪಾಠದ್ದು — ಅಚ್ಚುಕಟ್ಟು. ಇನ್ನೊಂದು ಕೆಟ್ಟುಹೋದದ್ದು. ರಟ್ಟಿನ ಮೇಲೆ ತೊಗರಿ ಎಲೆ ಅಂಟಿಸಿಕೊಂಡು ನೀನು ಗಂಭೀರವಾಗಿ ವಿವರಿಸುತ್ತಿದ್ದೆ. ಹಿಂದಿನಿಂದ ನಿಮ್ಮ ಆಡು ಬಂದು ಎಲೆಯನ್ನೆಲ್ಲ ತಿಂದುಬಿಟ್ಟಿತು. ನೀನು ಬಾಯಿ ಇಷ್ಟಗಲ ತೆರೆದು ಅತ್ತೆ — “ಟೀಚರ್, ನಮ್ಮ ಆಡು ನನ್ನ ದ್ಯುತಿಸಂಶ್ಲೇಷಣಾ ತಿಂತ್ರೀ!” ಸುಜಾತಾ ನಗುವ ರಭಸಕ್ಕೆ ಫೋನೇ ಅಲುಗಾಡುತ್ತಿತ್ತು. ಅದರ ಕೆಳಗೆ ಇಬ್ಬರೂ ಸೇರಿ ಕಳಿಸಿದ ವಾಯ್ಸ್ ಮೆಸೇಜು: “ಇದು ಬರೇ ನಿಮಗಾ ರಿ, ಟೀಚರ್. ನೀವೂ ಜರಾ ನಗ್ರಿ ಅಂತ ಕಳಸೇವಿ.”

ಬರೇ ನನಗೆ. ಆ ದಿನಗಳಲ್ಲಿ ನನ್ನ ಮನೆಯಲ್ಲೂ ನಗು — ಬೇಡ, ಅದನ್ನು ಬರೆದರೆ ನೆಪವಾಗುತ್ತದೆ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮರುಕ್ಷಣ ಅದನ್ನು ನನ್ನ ತವರಿನವರ ವಾಟ್ಸಾಪ್ ಗುಂಪಿಗೆ ಹಾಕಿದೆ. “ನಮ್ಮ ಶಾಲೆ ಪೋರಿ ನೋಡ್ರಿ” ಎಂದು ಬರೆದೆ. ಅಣ್ಣ, ಅತ್ತಿಗೆ, ಚಿಕ್ಕಪ್ಪ, ಎಲ್ಲರೂ ನಗುವ ಮುಖ ಕಳಿಸಿದರು. ನಾನೇ ಏನೋ ಸಾಧಿಸಿದ ಹಾಗೆ ಹಿಗ್ಗಿದೆ. ಆ ಗುಂಪಿನಲ್ಲಿ ಅಣ್ಣನ ಮಗಳೂ ಇದ್ದಳು. ಅವಳೂ ಸೇಡಂನಲ್ಲೇ ಓದುವವಳು. ಅವಳು ತನ್ನ ಒಬ್ಬ ಗೆಳತಿಗೆ ಕಳಿಸಿದಳು. ಆ ಮೇಲೆ ಅದು ಎಷ್ಟು ಕೈ ದಾಟಿತೋ, ಯಾರು ಬಲ್ಲರು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ನಿನ್ನ ಅಳುವ ಮುಖ ಸ್ಟಿಕ್ಕರ್ ಆಗಿತ್ತು. ನಿನ್ನ ಮೈಗೆ ಆಡಿನ ತಲೆ ಅಂಟಿಸಿದ ಫೋಟೊ ಬಂತು. ನಿನ್ನ ಹೆಸರಿನಲ್ಲಿ ಯಾರೋ ಸುಳ್ಳು ಖಾತೆ ತೆರೆದು, ನೀನೇ ಬರೆದ ಹಾಗೆ ಹೊಲಸು ಮಾತು ಬರೆದರು. ನೀನು ತರಗತಿಗೆ ಕಾಲಿಟ್ಟರೆ ಹಿಂದಿನಿಂದ “ಮ್ಯಾ”. ನಿನ್ನ ಬೆಂಚಿನ ಮೇಲೆ ತೊಗರಿ ಎಲೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಕಡೆಯ ಬೆಂಚಿಗೆ ಹೋಗಿ ಕುಳಿತಳು. ಅಲ್ಲಿಂದ ಮನೆಗೆ.

ಆ ಸ್ಟಿಕ್ಕರ್ ನೋಡಿದ ದಿನ ನಾನು ಮೊದಲು ಮಾಡಿದ್ದೇನು ಗೊತ್ತೆ? ನಿನ್ನನ್ನು ಕರೆದು ಮಾತಾಡಿಸಲಿಲ್ಲ. ನನ್ನ ಫೋನಿನಿಂದ ಆ ವಿಡಿಯೊ ಅಳಿಸಿಹಾಕಿದೆ. ಅಣ್ಣನ ಮಗಳಿಗೆ ಫೋನು ಮಾಡಿ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದೆ. ಅವಳು ಅತ್ತಳು. “ಅತ್ತಿ, ಹೇಳಿಬಿಡೂಣಲ್ಲ” ಎಂದಳು. ಆ ಚಿಕ್ಕ ಹುಡುಗಿಗೆ ಇದ್ದ ಬುದ್ಧಿ —

ನಿಮ್ಮವ್ವ ನಿನ್ನನ್ನು ಕರೆದುಕೊಂಡು ಶಾಲೆಗೆ ಬಂದರು. ಮಕ್ಕಳ ರಕ್ಷಣಾ ಸಮಿತಿಯ ಹೊಣೆ ನನ್ನದು, ದೂರು ಪೆಟ್ಟಿಗೆಯ ಕೀಲಿಯೂ ನನ್ನ ಹತ್ತಿರವೇ. ಹೆಡ್ ಮಾಸ್ಟರ ಕೋಣೆಯಲ್ಲಿ ನೀನು, ನಿಮ್ಮವ್ವ, ಸುಜಾತಾ, ಇಬ್ಬರು ಶಿಕ್ಷಕರು, ಮತ್ತೆ ವಿಚಾರಣೆ ಮಾಡುವವಳಾಗಿ ನಾನು. ನೀನು ತಲೆ ಎತ್ತದೆ ಹೇಳಿದೆ:

“ಆ ವಿಡಿಯೊ ಎರಡೇ ಫೋನ್ನಾಗ ಇತ್ರಿ. ಒಂದು ಇಕಿದು, ಒಂದು ಟೀಚರದು. ಟೀಚರ್ ಅಂತೂ ಹಾಕಂಗಿಲ್ಲ.”

ಟೀಚರ್ ಅಂತೂ ಹಾಕಂಗಿಲ್ಲ. ಈ ಮಾತನ್ನು ನಾನು ಇಷ್ಟು ವರ್ಷ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಅಡುಗೆ ಮಾಡುವಾಗ, ಹಾಜರಿ ಕರೆಯುವಾಗ.

ನಿಮ್ಮವ್ವ ಸುಜಾತಾಳ ಕಡೆ ತಿರುಗಿ, “ಬೇಲಿನೇ ಎದ್ದು ಹೊಲ ಮೇಯ್ದಂಗಾತಲ್ಲವಾ” ಎಂದು ಅತ್ತರು. ಶಿಕ್ಷಕರೊಬ್ಬರು ಅವಳಿರುವ ಓಣಿಯ ಹೆಸರು ತೆಗೆದು, “ಆ ಮಂದಿ ಹಂಗೇ ಬಿಡ್ರಿ” ಎಂದರು. ದಿನಾ ಬೆಳಗ್ಗೆ ಕರಿಹಲಗೆಯ ಮೇಲೆ ವಚನ ಬರೆಸುವ ನಾನು ಅದಕ್ಕೂ ಸುಮ್ಮನಿದ್ದೆ. ಸುಜಾತಾ ಒಂದೇ ಸಲ “ನಾ ಹಾಕಿಲ್ರಿ” ಎಂದಳು. ಆ ಮೇಲೆ ನನ್ನ ಮುಖ ನೋಡಿದಳು. ಭಾಳ ಹೊತ್ತು ನೋಡಿದಳು. ನಾನು ಮೇಜಿನ ಮೇಲಿದ್ದ ಕಾಗದ ಸರಿಪಡಿಸುತ್ತಿದ್ದೆ.

ತಪ್ಪೊಪ್ಪಿಗೆ ಪತ್ರ ಬರೆಸಿರಿ ಎಂದರು ಹೆಡ್ ಮಾಸ್ಟರು. ನಾನು ಒಂದೊಂದೇ ಸಾಲು ಹೇಳಿದೆ, ಅವಳು ಬರೆದಳು. ‘ಗೆಳತಿಯ ನಂಬಿಕೆಗೆ ದ್ರೋಹ ಮಾಡಿದ್ದೇನೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ.’ ಆ ಸಾಲುಗಳು ನನ್ನವು, ರೇಣುಕಾ. ನನ್ನ ತಪ್ಪೊಪ್ಪಿಗೆಯನ್ನು ಹದಿನಾಲ್ಕು ವರ್ಷದ ಹುಡುಗಿಯ ಕೈಯಿಂದ ಬರೆಸಿದೆ. ಸ್ಟಿಕ್ಕರ್ ಮಾಡಿದವರನ್ನು, ಸುಳ್ಳು ಖಾತೆ ತೆರೆದವರನ್ನು ಯಾರೂ ಹುಡುಕಲಿಲ್ಲ. ಹುಡುಕುತ್ತಾ ಹೋದರೆ ದಾರಿ ನನ್ನ ಮನೆಗೇ ಬರುತ್ತಿತ್ತು. ಹಾಗಾಗಿ ನಾನೇ ಪ್ರಕರಣ ಮುಗಿಯಿತು ಎಂದು ಬರೆದು ಸಹಿ ಹಾಕಿದೆ.

ನೀನು ಮತ್ತೆ ಶಾಲೆಗೆ ಬರಲಿಲ್ಲ. ಹತ್ತನೆಯದನ್ನು ಹೊರಗಿನಿಂದ ಕಟ್ಟಿ ಪಾಸಾದೆ, ಈಗ ಊರಲ್ಲೇ ಹೊಲಿಗೆ ಹಾಕುತ್ತೀಯೆ ಎಂದು ಕೇಳಿದ್ದೇನೆ. ಸುಜಾತಾಳ ಜೊತೆ ಯಾರೂ ಕೂರಲೊಲ್ಲದಾದಾಗ ಅವರಪ್ಪ ಅವಳನ್ನು ರಾವೂರಿಗೆ, ಅವಳ ಸೋದರಮಾವನ ಮನೆಗೆ ಕಳಿಸಿದರು. ನಾನು? ನಾನು ಪ್ರತಿ ವರ್ಷ ಮಕ್ಕಳ ಮುಂದೆ ನಿಂತು ಭಾಷಣ ಮಾಡುತ್ತ ಬಂದೆ. ಕೇಳದೆ ಯಾರ ವಿಡಿಯೊನೂ ಮುಂದೆ ಕಳಿಸಬೇಡಿ. ಯಾರಾದರೂ ಕಾಡಿದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಒಬ್ಬರೇ ನುಂಗಿಕೊಳ್ಳಬೇಡಿ, ನಂಬಿಕೆಯ ದೊಡ್ಡವರಿಗೆ ಹೇಳಿರಿ. ಮಾತೆಲ್ಲ ಸರಿಯೇ. ಹೇಳುವ ಬಾಯಿ — ಥೂ.

ಹೋದ ತಿಂಗಳು ಸೇಡಂನಲ್ಲಿ ಕಲಬುರಗಿ ಬಸ್ ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ. “ಟೀಚರ್, ಬರ್ರಿ, ಇಲ್ಲೆ ಕುಂದ್ರಿ” ಎಂದು ಯಾರೋ ಪಕ್ಕದ ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡರು. ಸುಜಾತಾ. ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. ಮಳಖೇಡ ದಾಟುವವರೆಗೆ ಅವಳ ಓದು, ನನ್ನ ಮೊಣಕಾಲು ನೋವು, ಇಷ್ಟೇ ಮಾತು. ಆ ಮೇಲೆ ತಡೆಯಲಾಗಲಿಲ್ಲ. “ಸುಜಾತಾ, ಆವತ್ತು...” ಎಂದೆ.

“ಎರಡೇ ಫೋನ್ ಇದ್ದವಲ್ರಿ, ಟೀಚರ್” ಎಂದಳು. “ನಾ ಹಾಕಿಲ್ಲಂತ ನನಗ ಗೊತ್ತಿತ್ತು. ಉಳಿದದ್ದು ಒಂದೇ.”

“ಮತ್ತ ಯಾಕ ಹೇಳಲಿಲ್ಲವಾ?”

“ನಾ ಹೇಳಿದ್ರ ಯಾರ್ ನಂಬ್ತಿದ್ರಿ? ನೀವೇ ಹೇಳ್ತೀರಿ ಅಂತ ಕಾಯ್ದೆ. ಪತ್ರದ ಕಡೀ ಸಾಲಿನತನಾ ಕಾಯ್ದೆ ರಿ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ನಾನು ಕೈ ಮುಗಿಯಲು ಹೋದೆ; ಅವಳು ನನ್ನ ಕೈ ಹಿಡಿದು ಕೆಳಗಿಟ್ಟಳು. “ನನಗೇನೂ ಹೇಳಬ್ಯಾಡ್ರಿ. ಅಕಿಗೆ ಹೇಳ್ರಿ. ನಾ ಹೇಳಿದ್ರ ಈಗೂ ನಂಬಂಗಿಲ್ಲ.”

ಅದಕ್ಕೇ ಈ ಪತ್ರ. ಇದರ ಇನ್ನೊಂದು ಪ್ರತಿಯನ್ನು ಹೆಡ್ ಮಾಸ್ಟರ ಕೈಗೆ ಕೊಟ್ಟಿದ್ದೇನೆ. ಆ ಹಳೆಯ ಕಡತದಲ್ಲಿ ಸುಜಾತಾಳ ಪತ್ರದ ಮೇಲೆ ಇದು ಇರಲಿ. ಏನು ಕ್ರಮ ಬರುತ್ತದೋ ಬರಲಿ. ಈ ವರ್ಷ ಭಾಷಣದ ದಿನ ನಿಮ್ಮಿಬ್ಬರ ಹೆಸರು ಬಿಟ್ಟು, ನನ್ನ ಹೆಸರು ಇಟ್ಟು ಇದನ್ನೇ ಮಕ್ಕಳಿಗೆ ಓದುತ್ತೇನೆ. ಶನಿವಾರ ಕೋಡ್ಲಾಕ್ಕೆ ನಾನೇ ಬರುತ್ತೇನೆ. ನಿಮ್ಮವ್ವನ ಮುಂದೆ ಬಾಯಿಬಿಟ್ಟು ಹೇಳಬೇಕು. ನೀನು ಕ್ಷಮಿಸಬೇಕಾಗಿಲ್ಲ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳಿ ಹೋಗುತ್ತೇನೆ.

ಸುಜಾತಾ ಶನಿವಾರಕ್ಕೊಮ್ಮೆ ಊರಿಗೆ ಬರುತ್ತಾಳಂತೆ, ಸಂಜೆಯ ಬಸ್ಸಿಗೆ. ಅವತ್ತು ಅವಳಿಗಿಂತ ಒಂದು ಸ್ಟಾಪ್ ಮೊದಲು ಇಳಿಯುವಾಗ ನಾನು ಕೇಳಿದೆ — ಇಷ್ಟು ಗದ್ದಲದಲ್ಲಿ ಆ ಸೀಟು ಯಾರಿಗೆ ಹಿಡಿದಿದ್ದಿಯವಾ ಎಂದು. ಅವಳು ಚೀಲವನ್ನು ಮತ್ತೆ ಅಲ್ಲೇ ಇಟ್ಟಳು.

“ಯಾರಿಗೂ ಇಲ್ರಿ” ಎಂದಳು. “ರೂಢಿ ಆಗ್ಯಾದ.”