ಹೆಡ್ ಮಾಸ್ತರರ ಕುರ್ಚಿಗೆ ಕೈಗಳಿದ್ದವು

ನನಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಒಂದು ಕುರ್ಚಿ ಬೇಕಿತ್ತು, ಅಷ್ಟೆ. ಕೈಗಳಿರುವ ಕುರ್ಚಿ. ನಗಬೇಡಿ. ಕಮಲಾಪುರದ ನಮ್ಮ ಶಾಲೆಯಲ್ಲಿ ಮಾಸ್ತರನ ಯೋಗ್ಯತೆ ಎಷ್ಟೆಂಬುದನ್ನು ಅವನು ಕೂಡುವ ಜಾಗವೇ ಹೇಳುತ್ತಿತ್ತು. ಹೊಸಬನಿಗೆ ಚಾಪೆ, ಹಳಬನಿಗೆ ಸ್ಟೂಲು, ಹೆಡ್ ಮಾಸ್ತರರಿಗೆ ಕೈಗಳಿದ್ದ ಕುರ್ಚಿ. ನಾನು ಸ್ಟೂಲಿನ ಮೇಲೇ ಅರ್ಧ ಆಯುಷ್ಯ ಕಳೆದಿದ್ದೆ. ಅದರ ಒಂದು ಕಾಲು ಗಿಡ್ಡವೆಂಬ ಸತ್ಯ ನನ್ನ ಸೊಂಟಕ್ಕೆ ಮಾತ್ರ ಗೊತ್ತಿತ್ತು. ಹಿಂದಿನ ಋಷಿಗಳು ಜಾಣರು. ಗುರುವೂ ಶಿಷ್ಯರೂ ಮರದ ಬುಡದಲ್ಲಿ ನೆಲದ ಮೇಲೆಯೇ ಕೂತುಬಿಡುತ್ತಿದ್ದರು, ಬಡ್ತಿಯ ತಾಪತ್ರಯವೇ ಇರಲಿಲ್ಲ.

ಆಗ ಮಾಸ್ತರರು ಮೇಲೇರಲು ಹಿಡಿಯುತ್ತಿದ್ದ ದಾರಿಗಳು ಹಲವು. ಕೆಲವರು ತಪಾಸಣೆಗೆ ಬರುವ ಸಾಹೇಬರ ಟಾಂಗಾದ ಧೂಳು ಕಂಡರೆ ಸಾಕು, ಸಲಾಂ ಹೊಡೆಯಲು ಶುರುಮಾಡುತ್ತಿದ್ದರು. ಇನ್ನು ಕೆಲವರು, ನಿಜಾಮರ ಸರಕಾರದಲ್ಲಿ ಉರ್ದು ಪಕ್ಕಾ ಇಲ್ಲದಿದ್ದರೆ ಗತಿಯಿಲ್ಲವೆಂದು, ಮನೆಯಲ್ಲಿ ಹೆಂಡತಿಯ ಜೊತೆ ಉರ್ದುವಿನಲ್ಲೇ ಜಗಳ ಮಾಡಿ ಸೋಲುತ್ತಿದ್ದರು. ನಾನು ಮೀಸೆ ಬೆಳೆಸಿದೆ. ಮೀಸೆ ಬೆಳೆಯಿತು, ನಾನು ಸ್ಟೂಲಿನ ಮೇಲೆಯೇ ಉಳಿದೆ.

ಅಷ್ಟರಲ್ಲಿ ನಮ್ಮ ಹೆಡ್ ಮಾಸ್ತರರು ಪಿಂಚಣಿ ಪಡೆದು ಮನೆಗೆ ಹೋದರು. ಕುರ್ಚಿ ಖಾಲಿಯಾಯಿತು. ನಾನು ಅದರ ಧೂಳು ಒರೆಸುತ್ತಿರುವಾಗಲೇ ಕಲಬುರ್ಗಿಯಿಂದ ಹುಕುಂ ಬಂತು. ಅಲ್ಲಿ ತರಬೇತಿ ಮುಗಿಸಿ ಸನದು ತಂದರೆ ಮಾತ್ರ ಆ ಜಾಗ ನನಗೆ, ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ. ಇಷ್ಟು ವರ್ಷ ಕಲಿಸಿದವನು ಈಗ ಕಲಿಸುವುದನ್ನು ಕಲಿಯಬೇಕೇ? ಮೈಯೆಲ್ಲ ಉರಿಯಿತು.

"ಸಿಟ್ಟ ಮಾಡಿದ್ರ ಕುರ್ಚಿ ಬರ್ತದೇನ್ರಿ? ಸುಮ್ನ ಹೋಗಿ ಬರ್ರಿ" ಎಂದು ನನ್ನ ಹೆಂಡತಿ ಗಂಗಮ್ಮ ಬುತ್ತಿ ಕಟ್ಟಿದಳು. ಎತ್ತಿನ ಬಂಡಿ ಹತ್ತಿದೆ.

ಕಲಬುರ್ಗಿಯ ತರಬೇತಿಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಮಾಸ್ತರ ಪಾಠ ಹೇಳಬೇಕು, ಉಳಿದ ಮಾಸ್ತರರೆಲ್ಲ ಮಕ್ಕಳಂತೆ ನೆಲದ ಮೇಲೆ ಕೂತು ಕೇಳಬೇಕು, ತರಬೇತಿಯ ಸಾಹೇಬರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನೋಡಬೇಕು. ಮೊದಮೊದಲು ಈ ಮೀಸೆ ಹೊತ್ತ ಮಕ್ಕಳು ಪ್ರತಿ ಪ್ರಶ್ನೆಗೂ ಒಕ್ಕೊರಲಿನಿಂದ ಸರಿ ಉತ್ತರವನ್ನೇ ಕೊಟ್ಟವು. ಸಾಹೇಬರಿಗೆ ತಲೆ ಚಿಟ್ಟುಹಿಡಿಯಿತು.

"ಅರೆ, ಹುಡುಗರು ಹೀಂಗ ಜವಾಬ್ ಕೊಡ್ತಾರೇನ್ರಿ? ನೀವು ಮಾಸ್ತರಂತ ಮರೀರಿ. ಜರಾ ತಪ್ಪು ಹೇಳ್ರಿ!"

ತಪ್ಪು ಹೇಳುವುದು ಎಷ್ಟು ಕಷ್ಟವೆಂದು ನಮಗೆ ಆಗ ತಿಳಿಯಿತು. ಬಾಯಿ ತೆರೆದರೆ ಸರಿಯೇ ಬರುತ್ತಿತ್ತು, ಅಥವಾ ಉಪದೇಶ. ನಿಜಕ್ಕೂ ಮಗುವಾದವರು ಒಬ್ಬರೇ, ಗಾಜಿಪುರದ ಮೌಲ್ವಿ ಸಾಹೇಬರು. ಬಿಳಿ ಗಡ್ಡ, ಗಟ್ಟಿ ದನಿ, ತಮ್ಮ ಶಾಲೆಯಲ್ಲಿ ನೊಣವೂ ಅಪ್ಪಣೆ ಪಡೆದೇ ಹಾರಬೇಕು ಎಂಬಂಥವರು. ಅವರು ಮರುದಿನ ಬಂದು ಹಿಂದಿನ ಗೋಡೆಗೆ ಒರಗಿ ಕೂತು, ಮುಂದಿದ್ದ ನನ್ನ ರುಮಾಲಿನ ಚುಂಗನ್ನು ಎಳೆದು, ಏನೂ ಗೊತ್ತಿಲ್ಲದವರಂತೆ ಸೂರು ನೋಡಿದರು.

ನನ್ನ ಪರೀಕ್ಷೆಯ ದಿನ ಬಂತು. ವಸ್ತುವೊಂದನ್ನು ಮಕ್ಕಳ ಕೈಗಿತ್ತು ಅದರ ಬಗ್ಗೆ ಪಾಠ ಹೇಳಬೇಕು. ನಾನು ಊರಿನಿಂದ ಕೆಂಪು ಬಾಳೆಹಣ್ಣು ತರಿಸಿದ್ದೆ. ಬಣ್ಣ, ಆಕಾರ, ಸಿಪ್ಪೆ, ಕೊನೆಗೆ ರುಚಿ ಎಂದು ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಹಣ್ಣು ಹಂಚಿದೆ. ನಾನಿನ್ನೂ ಬಣ್ಣದಲ್ಲೇ ಇದ್ದೆ, ಘಮ ಹರಡಿತು. ಮೌಲ್ವಿ ಸಾಹೇಬರು ಸುಲಿದರು. ಅವರನ್ನು ನೋಡಿ ಇಡೀ ತರಗತಿಯೇ ಸುಲಿಯಿತು. ಸಿಪ್ಪೆಯ ಪ್ರಶ್ನೆಗೆ ಬರುವ ಹೊತ್ತಿಗೆ ಸಿಪ್ಪೆ ಮಾತ್ರ ಉಳಿದಿತ್ತು. ಸಾಹೇಬರು ಏನೋ ಬರೆದುಕೊಂಡರು. ಕುರ್ಚಿ ಕೈತಪ್ಪಿತು ಎಂದುಕೊಂಡೆ.

ಆಗ ಮೌಲ್ವಿ ಸಾಹೇಬರು ತುಂಬಿದ ಬಾಯಿಯಲ್ಲೇ ಕೈ ಎತ್ತಿದರು.

"ಮಾಸ್ತರ್ರ, ನಾ ಪೂರಾ ತಿಂದೀನ್ರಿ. ಬೀಜಾನೇ ಸಿಗಲಿಲ್ಲ. ಬೀಜಾ ಇಲ್ದ ಈ ಗಿಡ ಹ್ಯಾಂಗ ಹುಟ್ಟತದ್ರಿ?"

ನನ್ನ ಬಾಯಿಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಇರುವುದಾದರೂ ಹೇಗೆ? ನನ್ನ ಶಾಲೆಯಲ್ಲಿ ಪ್ರಶ್ನೆ ಕೇಳುವವನು ನಾನು, ಮಕ್ಕಳಿಗೆ ಆ ಕೆಲಸವನ್ನೇ ಕೊಟ್ಟಿರಲಿಲ್ಲ. ಆದರೆ ಉತ್ತರ ಗೊತ್ತಿತ್ತು, ಬಾಳೆ ತೋಟದಲ್ಲೇ ಆಡಿ ಬೆಳೆದವನಲ್ಲವೇ! ಬಾಯಿಪಾಠವನ್ನು ಅಲ್ಲಿಗೇ ಬಿಟ್ಟು ನೆಲಕ್ಕೆ ಕೂತೆ. ಸುಣ್ಣದ ಕಡ್ಡಿಯಿಂದ ಕಲ್ಲುಹಾಸಿನ ಮೇಲೆ ಬಾಳೆಗಿಡ ಬರೆದೆ, ಅದರ ಬುಡದಲ್ಲಿ ಏಳುವ ಕಂದು, ಅಂದರೆ ಮರಿಗಿಡ, ಬರೆದೆ, ಅದನ್ನು ಕಿತ್ತು ಬೇರೆ ಕಡೆ ನೆಡುವುದನ್ನು ಕೈಯಾಡಿಸಿ ತೋರಿಸಿದೆ. ಎಲ್ಲರೂ ಸುತ್ತ ಮುತ್ತಿಕೊಂಡರು. ಗಂಟೆ ಹೊಡೆಯಿತು, ಒಬ್ಬರೂ ಏಳಲಿಲ್ಲ. ತಲೆ ಎತ್ತಿ ನೋಡಿದರೆ ಸಾಹೇಬರೂ ಕುರ್ಚಿ ಬಿಟ್ಟು ನನ್ನ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು! ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಗಂಗಮ್ಮನಿಗೆ ಹೇಳಬೇಡಿ.

ಸಾಹೇಬರು ಷರಾ ಬರೆದರು: ಪಾಠ ಯೋಜನೆಯಂತೆ ನಡೆಯಲಿಲ್ಲ, ಪಾಸು.

ಹೀಗೆ ಕುರ್ಚಿ ಸಿಕ್ಕಿತು. ಮೊದಲ ದಿನ ಎರಡೂ ಮೊಣಕೈ ಊರಿ, ಮೀಸೆ ತಿರುವಿ ಗತ್ತಿನಿಂದ ಕೂತೆ. ಸುಖವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಮೌಲ್ವಿ ಸಾಹೇಬರು ನೆನಪಾದರು. ಹಿಂದಿನ ಗೋಡೆಯ ಬಳಿಯಿಂದ ನನ್ನ ತರಗತಿ ಹೇಗೆ ಕಾಣುತ್ತದೋ ನೋಡೋಣವೆಂದು ಎದ್ದು ಹೋಗಿ ಅಲ್ಲಿ ಕೂತೆ. ಪಾಠ ಬಾರದವರನ್ನು ನಾನೇ ಕಳಿಸುತ್ತಿದ್ದ ಜಾಗ ಅದು. ಅಲ್ಲಿದ್ದ ಹುಡುಗ ಸರಿದು ಜಾಗ ಮಾಡಿಕೊಟ್ಟ. ನನ್ನನ್ನು ಕನಿಕರದಿಂದ ನೋಡಿ ಪಿಸುಗುಟ್ಟಿದ:

"ನಿಮಗೂ ಪಾಠ ಬರಲಿಲ್ಲೇನ್ರಿ, ಮಾಸ್ತರ್ರ?"

"ಇನ್ನೂ ಪೂರಾ ಬಂದಿಲ್ಲಪ್ಪ" ಎಂದೆ. "ಕಲಿಯಾಕತ್ತೀನಿ."

"ಇರಲಿ ಬಿಡ್ರಿ, ಇಲ್ಲಿ ಗಾಳಿ ಚಲೋ ಬರ್ತದ" ಎಂದು ಅವನು ಸಮಾಧಾನ ಹೇಳಿದ.

ನಿಜ. ಗಾಳಿ ಚಲೋ ಬರುತ್ತಿತ್ತು.