ನಾನು ಉಳಿಸಿದ ರಾಗಿ

ಪಕ್ಕದ ಮನೆಯ ಕೆಂಪಮ್ಮ ಒಂದು ಮೊರ ರಾಗಿ ತಂದು ನನ್ನ ಮುಂದಿಟ್ಟು, "ನೀವು ಉಳ್ಸಿಕೊಟ್ಟಿದ್ದು ಕಣಣ್ಣ, ನಿಮ್ಗೂ ಒಸಿ ಇರ್ಲಿ" ಎಂದಳು. ಗಂಡನನ್ನು ಮಣ್ಣು ಮಾಡಿ ಹದಿನೈದು ದಿನವೂ ಆಗಿರಲಿಲ್ಲ.

ಅದು ಯುದ್ಧದ ಕಾಲ. ಮಳವಳ್ಳಿ ಕಡೆಯ ನಮ್ಮೂರಿಗೆ ಸರ್ಕಾರದ ಲೆವಿಯವರು ಬಂದು ಮನೆಮನೆಯ ರಾಗಿ ಅಳೆದು ಒಯ್ಯುತ್ತಿದ್ದರು. ಕೆಂಪಮ್ಮನ ಹಿತ್ತಿಲಲ್ಲಿ ನೆಲದೊಳಗೆ ರಾಗಿ ತುಂಬಿದ ಹಗೇವು ಇತ್ತು. ಅದರ ಬಾಯಿಗೆ ಮುಚ್ಚಿದ್ದ ಚಪ್ಪಡಿಯ ಮೇಲೆ ನಾನೇ ಸೌದೆ ಒಟ್ಟಿ, "ಇಲ್ಲೇನೂ ಇಲ್ಲ ಸ್ವಾಮಿ" ಎಂದು ಸುಳ್ಳು ಹೇಳಿ ಅವರನ್ನು ಸಾಗಹಾಕಿದೆ. ಪುಣ್ಯದ ಕೆಲಸ ಮಾಡಿದೆನೆಂದು ಎದೆಯುಬ್ಬಿಸಿ ತಿರುಗಾಡಿದೆ.

ಹಗೇವು ತೆರೆದರೆ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಹಾಗೇ ಬಿಟ್ಟು ಆಮೇಲೆ ಇಳಿಯುವುದು ನಮ್ಮಲ್ಲಿ ರೂಢಿ. ಅದು ಗೊತ್ತಿದ್ದೂ ನಾನೇ ಅವಳ ಗಂಡನಿಗೆ, "ತೆಗ್ದಿಟ್ರೆ ಯಾರಾದ್ರೂ ನೋಡ್ಬುಡ್ತಾರೆ ಕಣ್ಲಾ, ಬಿರ್ನೆ ಇಳ್ದು ತುಂಬ್ಕೊಂಡು ಬಾ" ಎಂದೆ. ಅವನು ಇಳಿದ. ಮೇಲೆ ಬರಲಿಲ್ಲ.

ಆ ಮೊರವನ್ನು ಬೇಡವೆನ್ನದೆ ತೆಗೆದುಕೊಂಡೆ. ಅಂದು ನಿಜ ಹೇಳಿದ್ದರೆ ರಾಗಿ ಹೋಗುತ್ತಿತ್ತು, ಅಷ್ಟೇ.