ಸರ್ಪಸುತ್ತಿಗೆ ಬಳಿದ ಕೆಮ್ಮಣ್ಣು

ನನ್ನ ಸೊಸೆಗೆ ಸರ್ಪಸುತ್ತು ತರಿಸಿದ್ದು ನಾಗಪ್ಪನ ಶಾಪವಲ್ಲ, ನನ್ನ ಬಾಯಿ.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನನ್ನ ಮಂಡಿ ಹೋದ ಮೇಲೆ ಮಗ್ಗಕ್ಕೆ ಕೂರುವವಳು ಸೊಸೆಯೊಬ್ಬಳೇ. ರಾಂಪುರದ ಒಂದು ಮನೆಯವರಿಗೆ ಮದುವೆ ಸೀರೆ ಇಂಥ ದಿನಕ್ಕೆ ಕೊಡುತ್ತೇವೆ ಎಂದು ಅವಳನ್ನು ಕೇಳದೆಯೇ ಮಾತು ಕೊಟ್ಟವಳು ನಾನು. ಆಮೇಲೆ ದಿನವೂ ಮಗ್ಗದ ಪಕ್ಕ ಕೂತು ಎಷ್ಟು ಮೊಳ ಆಯಿತು ಎಂದು ಕೇಳಿದೆ. ಉಣ್ಣಲು ಎದ್ದರೂ ಕೇಳಿದೆ. ಅವಳಿಗೆ ಊಟ ಸೇರದಾಯಿತು, ನಿದ್ದೆ ಹೋಯಿತು. ಸೊರಗಿದ್ದಾಳೆ ಎಂದು ಮಗ ಹೇಳಿದ್ದಕ್ಕೆ, ಕೆಲಸಗಳ್ಳಿ ಎಂದೆ.

ಒಂದು ದಿನ ಅವಳ ಹಣೆಯ ಬಲಗಡೆ ಉರಿ ಎದ್ದು ನೀರುಗುಳ್ಳೆ ಬಂದವು. ಇದಕ್ಕೆ ನಮ್ಮಲ್ಲಿ ಆಸ್ಪತ್ರೆಗೆ ಹೋಗುವವರು ಕಡಿಮೆ. ಕೆಮ್ಮಣ್ಣು ಕಲಸಿ ಬಳಿಯುತ್ತೇವೆ. ಗುಳ್ಳೆ ಹಾವಿನಂತೆ ಸುತ್ತಿಕೊಂಡು ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಎಂದು ಕಾಯುತ್ತೇವೆ. ನಾನೂ ಬಳಿದೆ. ಗಳಿಗೆಗೊಮ್ಮೆ ಅವಳ ಮುಖ ಬೆಳಕಿಗೆ ತಿರುಗಿಸಿ ನೋಡಿದೆ.

"ಕೂಡ್ತಾ ಅತ್ತೆ?" ಎಂದಳು.

"ಇನ್ನೂ ಇಲ್ಲ," ಎಂದೆ.

ಎರಡನೇ ದಿನ ಗುಳ್ಳೆ ರೆಪ್ಪೆಗೆ ಇಳಿದು ಕಣ್ಣು ಮುಚ್ಚಿಹೋಯಿತು. ಕೂದಲಿಗಿಂತ ಸಣ್ಣ ಎಳೆ ಹಿಡಿಯುವವಳಿಗೆ ಕಣ್ಣೇ ಹೋದರೆ? ಮಗ ನನ್ನನ್ನು ಕೇಳದೆ ಅವಳನ್ನು ಚಳ್ಳಕೆರೆ ಆಸ್ಪತ್ರೆಗೆ ಹೊರಡಿಸಿದ. ನಾನೂ ಬಸ್ಸು ಹತ್ತಿ ಕೂತೆ.

ಡಾಕ್ಟರಮ್ಮ ಮೊದಲು ಕೆಮ್ಮಣ್ಣು ತೊಳೆಸಿದರು. ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿತ್ತೇ ಎಂದು ಕೇಳಿದರು. ಎದ್ದಿತ್ತು. ಆ ವೈರಸ್ ಸತ್ತಿರುವುದಿಲ್ಲ, ನರದಲ್ಲಿ ಅಡಗಿರುತ್ತದೆ. ರಕ್ತದಲ್ಲಿರುವ ಕಾವಲು ಕಣಗಳು ಅದನ್ನು ಏಳದಂತೆ ತಡೆದಿರುತ್ತವೆ ಎಂದರು. ಮನುಷ್ಯರು ದಿನಗಟ್ಟಲೆ ಹೆದರಿ ನಿದ್ದೆಗೆಟ್ಟರೆ ಮೈಯಲ್ಲಿ ಒತ್ತಡದ ಹಾರ್ಮೋನು ಏರಿದ್ದು ಇಳಿಯುವುದಿಲ್ಲ, ಆಗ ಕಾವಲು ಕಣಗಳು ಮಂಕಾಗುತ್ತವೆ, ಹಳೆಯದು ಎದ್ದು ಬರುತ್ತದೆ ಎಂದರು.

"ಅದೊಂದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಮನೇಲಿ ಏನು ಟೆನ್ಷನ್ ಐತೆ?"

ಮಗ ನೆಲ ನೋಡಿದ.

"ನಾನೇ ಐದೀನಲ್ರಿ," ಎಂದೆ.

ಅವರು ನಗಲಿಲ್ಲ. ಬಂದದ್ದು ತಡವಾಯಿತು, ಪುಣ್ಯಕ್ಕೆ ಕಣ್ಣೊಳಗೆ ಇನ್ನೂ ಇಳಿದಿಲ್ಲ, ಮಾತ್ರೆ ತಪ್ಪಿಸಬೇಡಿ, ಮಗ್ಗದ ಮಾತೇ ಎತ್ತಬೇಡಿ ಎಂದರು. ಕೊನೆಯದನ್ನು ನನ್ನ ಮುಖ ನೋಡಿ ಹೇಳಿದರು.

ಮರುದಿನ ಬೆಳಿಗ್ಗೆ ಅರ್ಧ ನೇಯ್ದ ಸೀರೆಯ ಮೇಲೆ ಹಳೇ ಪಂಚೆ ಹೊದಿಸಿದೆ. ಮೊದಲ ಬಸ್ಸಿಗೆ ರಾಂಪುರಕ್ಕೆ ಹೋಗಿ, ಹೇಳಿದ ದಿನಕ್ಕೆ ಸೀರೆ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ಆ ಮನೆಯವರಿಗೆ ಎದುರಿಗೇ ನಿಂತು ಹೇಳಿ ಬಂದೆ.